ಮೂರು ಮಂಗಳವಾರ ತೆರೆಯದ ಪತ್ರ

ಬೂದು ಬಣ್ಣದ ಚೌಕ, ಅದರ ನಡುವೆ ಸಪ್ಪೆ ಮೋರೆಯ ಪುಟ್ಟ ಚಿತ್ರ, ಕೆಳಗೆ ಅದೇ ಹಾಳು ಸಾಲು: ವಿಡಿಯೊ ಪ್ಲಗಿನ್ ಕ್ರ್ಯಾಶ್ ಆಗಿದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ನಿನ್ನೆ ಸಂಜೆ ತಾನೇ ಒಗುಟುವಿನ ಸೈಬರ್ ಕೆಫೆಯ ಈ ಮೂರನೇ ನಂಬರ್ ಕಂಪ್ಯೂಟರಿನ ಮುಂದೆ ಒಂದು ಗಂಟೆ ಬೆನ್ನು ಬಗ್ಗಿಸಿ ಕೂತಿದ್ದೆ. ಬ್ರೌಸರಿನಲ್ಲಿ ವಿಡಿಯೊ ಓಡಿಸುವ ಪ್ಲಗಿನ್ನನ್ನು ಬುಡಸಮೇತ ಕಿತ್ತು, ಹೊಸದನ್ನು ಹಾಕಿ, ಯಾರದೋ ಮದುವೆಯ ಕುಣಿತವನ್ನು ಕೊನೆಯವರೆಗೂ ಓಡಿಸಿ ನೋಡಿ ಎದ್ದಿದ್ದೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಮತ್ತೆ ಅದೇ ಗೋಳು.

ಪಕ್ಕದ ಕುರ್ಚಿಯಲ್ಲಿದ್ದ ಮಿನ್ ಅಪೊಂಡಿ ಪರದೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮಿನ್ ಅಂದರೆ ತಾಯಿ. ಅಪೊಂಡಿಯ ತಾಯಿ ಅಂತಲೇ ನಮ್ಮ ಕಿಸುಮು ಊರಿನ ಇಡೀ ಸಂತೆ ಅವಳನ್ನು ಕರೆಯುವುದು. ಕರೆದರೆ ಅವಳಿಗೆ ಕೇಳಿಸುವುದಿಲ್ಲ ಅನ್ನುವುದು ಬೇರೆ ಮಾತು. ಹುಟ್ಟುಕಿವುಡಿ. ಒಣಗಿಸಿದ ಒಮೇನಾ ಮೀನು ಅಳೆದು ಮಾರುವ ಅವಳ ಕೈಗಳು ಮಾತ್ರ ಊರಿನ ಯಾವ ಬಾಯಿಗಿಂತಲೂ ಚುರುಕು.

"ಯಂತ್ರಕ್ಕೆ ಜ್ವರ ಇನ್ನೂ ಬಿಟ್ಟಿಲ್ವಾ?" ಎಂದು ಕೈಯಲ್ಲಿ ಕೇಳಿದಳು.

"ಬಿಟ್ಟಿತ್ತು ಅಮ್ಮ. ಯಾರೋ ಮತ್ತೆ ಬರಿಸಿದಾರೆ," ಎಂದೆ ನಾನೂ ಕೈಯಲ್ಲೇ. ನನ್ನ ತಮ್ಮ ಕಿವುಡ. ನಮ್ಮ ಮನೆಯಲ್ಲಿ ಎಲ್ಲರೂ ಕೈಯಲ್ಲೇ ಜಗಳಾಡಿ ಬೆಳೆದವರು.

ಅವಳು ಮೈಗೆ ಸುತ್ತಿದ್ದ ಲೆಸೊ ಬಟ್ಟೆಯ ಅಂಚಿನಿಂದ ಪರದೆಯನ್ನು ಒರೆಸಿದಳು, ಮಗುವಿನ ಮೂಗು ಒರೆಸುವ ಹಾಗೆ. ಧೂಳು ಹೋದರೆ ಮಗಳು ಕಂಡಾಳು ಎಂಬ ಆಸೆ.

ಮಗಳು ಅಪೊಂಡಿ ಕೊಲ್ಲಿ ದೇಶದ ಒಂದು ಮನೆಯ ಕೆಲಸಕ್ಕೆ ಹೋಗಿ ಹದಿನಾಲ್ಕು ತಿಂಗಳಾಯಿತು. ಕಿವುಡ ತಾಯಿಗೆ ಫೋನು ಮಾಡಿ ಏನು ಬಂತು? ಶಾಲೆಯ ಮೆಟ್ಟಿಲು ಹತ್ತದವಳಿಗೆ ಕಾಗದ ಬರೆದು ಏನು ಬಂತು? ಹಾಗಾಗಿ ಅವಳ ಪತ್ರಗಳೆಲ್ಲ ವಿಡಿಯೊ. ಸೋಮವಾರ ತನ್ನದೊಂದು ಪುಟಕ್ಕೆ ಹಾಕುತ್ತಾಳೆ, ಮಂಗಳವಾರ ಬೆಳಿಗ್ಗೆ ತಾಯಿ ಇಲ್ಲಿ ಬಂದು ಕೂರುತ್ತಾಳೆ. ಪುಟದ ಪಾಸ್‌ವರ್ಡ್ ಒಗುಟುವಿಗೆ ಮಾತ್ರ ಗೊತ್ತು. ಓದುಬರಹ ಬಾರದ ತಾಯಿಗೆ ಅವನೇ ತೆರೆದು ಕೊಡುತ್ತಾನೆ. ಇವತ್ತೂ ತೆರೆದುಕೊಟ್ಟು ಚಹಾ ತರಲು ಹೋಗಿದ್ದ. ಅಪೊಂಡಿ ಬಾಯಲ್ಲೂ ಮಾತಾಡುತ್ತಾಳೆ, ಕೈಯಲ್ಲೂ ಮಾತಾಡುತ್ತಾಳೆ. ಬಾಯಿ ಒಗುಟುವಿಗೆ, ಕೈ ಅಮ್ಮನಿಗೆ. ಎರಡೂ ಒಟ್ಟಿಗೇ.

ಕೊನೆಯ ಪತ್ರ ಬಂದಮೇಲೆ ಇದು ಮೂರನೇ ಮಂಗಳವಾರ. ಆ ಪತ್ರ ಒಂದು ಕ್ಷಣವೂ ಓಡಿಲ್ಲ. ಅದಾದಮೇಲೆ ಬೇರೆ ಪತ್ರ ಬಂದೂ ಇಲ್ಲ.

"ಅವಳು ಸೊರಗಿದಾಳಾ, ಮೈ ತುಂಬಿದಾಳಾ, ಅಷ್ಟು ನೋಡಿದ್ರೆ ಸಾಕು ನಂಗೆ," ಎಂದಳು ಮಿನ್ ಅಪೊಂಡಿ. ಆಮೇಲೆ ಕಣ್ಣಿನಲ್ಲೇ ಐದನೇ ಕಂಪ್ಯೂಟರಿನ ಕಡೆ ತೋರಿಸಿ, ಕೈಯನ್ನು ಎದೆಯ ಮರೆಯಲ್ಲಿ ಇಟ್ಟುಕೊಂಡು ಗುಟ್ಟು ಹೇಳಿದಳು. "ಆ ಮೇಷ್ಟ್ರೇ ಏನೋ ಮಾಡಿರೋದು. ನನ್ನ ಮಗಳ ಪತ್ರ ಓಡಿದ್ರೆ ಅವನ ಹಾಡು ನಿಲ್ಲತ್ತಂತೆ. ನನ್ನ ನೋಡಿದ್ರೆ ಸಾಕು, ಮೂತಿ ತಿರುವ್ತಾನೆ."

ಒಕೆಲ್ಲೊ ಮೇಷ್ಟ್ರು ನಿವೃತ್ತರು. ಬೆಳಿಗ್ಗೆ ಬಂದು ಹಳೇ ಬೆಂಗಾ ಹಾಡುಗಳ ವಿಡಿಯೊ ಹಾಕಿಕೊಂಡು ಮೇಜಿನ ಕೆಳಗೆ ಕಾಲು ಕುಣಿಸುವುದು ಅವರ ದಿನಚರಿ. ನಾನು ಎದ್ದು ಅವರ ಹಿಂದೆ ಹೋಗಿ ನಿಂತೆ.

"ಮೇಷ್ಟ್ರೇ, ನಿನ್ನೆ ನಾನು ಹೋದಮೇಲೆ ಮೂರನೇ ನಂಬರ್ ಮುಟ್ಟಿದ್ರಾ?"

"ನಾನ್ಯಾಕಮ್ಮ ಮುಟ್ಲಿ?" ಮೇಷ್ಟ್ರು ಕನ್ನಡಕ ಮೇಲೆತ್ತಿದರು. "ನನ್ನ ಕಷ್ಟ ಕೇಳೋರೇ ಇಲ್ಲ ಇಲ್ಲಿ. ಎರಡು ವಾರದಿಂದ ಒಂದು ಹಾಡು ನೆಟ್ಟಗೆ ಕೇಳಿಲ್ಲ. ಒಗುಟುನ ಕೇಳಿದ್ರೆ ಲೈನ್ ಸರಿಯಿಲ್ಲ ಅಂತಾನೆ. ಲೈನಿಗೇನಾಗಿದೆ? ಹುಟ್ಟಿಸ್ಕೊಂಡು ಹೇಳೋದಕ್ಕೂ ಒಂದು ಮಿತಿ ಬೇಡ್ವಾ?"

ಅವರ ಪರದೆಯಲ್ಲೂ ಅದೇ ಬೂದು ಚೌಕ, ಅದೇ ಸಪ್ಪೆ ಮೋರೆ. ಆರೂ ಕಂಪ್ಯೂಟರಿಗೆ ಒಂದೇ ಕಾಯಿಲೆ. ತನ್ನ ಹಾಡನ್ನು ತಾನೇ ನಿಲ್ಲಿಸಿಕೊಳ್ಳುವ ಹುಚ್ಚ ಈ ಮೇಷ್ಟ್ರಲ್ಲ. ಅವರು ಇನ್ನೂ ಗೊಣಗುತ್ತಲೇ ಎದ್ದು ಟೊಪ್ಪಿಗೆ ಹಾಕಿಕೊಂಡು ಹೊರಟುಹೋದರು.

ನಾನು ಮೂರನೇ ನಂಬರಿಗೆ ಮರಳಿ ಬಂದೆ. ಆಗಲೇ ನನಗೆ ಇನ್ನೊಂದು ಕಂಡದ್ದು, ಅಥವಾ ಕಾಣದೇ ಹೋದದ್ದು. ನಿನ್ನೆ ನಾನು ಪರದೆಯ ಮೂಲೆಯಲ್ಲಿ ನನ್ನ ಹೆಸರಿನ ಫೋಲ್ಡರ್ ಒಂದನ್ನು ಬಿಟ್ಟು ಹೋಗಿದ್ದೆ. ಅದೂ ಇಲ್ಲ.

ಕಳ್ಳನೊಬ್ಬ ಬಂದು ಪ್ಲಗಿನ್ ಕೆಡಿಸಿದ ಅನ್ನೋಣ. ನನ್ನ ಖಾಲಿ ಫೋಲ್ಡರ್ ಅವನಿಗೆ ಯಾಕೆ? ಇಲ್ಲ, ಇದು ಕಳ್ಳನ ಕೆಲಸವಲ್ಲ. ಯಂತ್ರವೇ ನಿನ್ನೆಯ ದಿನವನ್ನು ಮರೆತಿದೆ.

ಅಯ್ಯೋ ನನ್ನ ದಡ್ಡತನವೇ! ಹಣೆ ಹಣೆ ಚಚ್ಚಿಕೊಂಡೆ. ಸೈಬರ್ ಇಟ್ಟವರೆಲ್ಲ ಮಾಡುವ ಕೆಲಸ ಇದು. ದಿನವಿಡೀ ಬಂದುಹೋಗುವವರು ತರುವ ವೈರಸ್ಸಿನ ಕಾಟ ತಾಳಲಾರದೆ, ಕಂಪ್ಯೂಟರನ್ನು ಒಂದು ಒಳ್ಳೆಯ ದಿನದ ಸ್ಥಿತಿಯಲ್ಲಿ ಬೀಗ ಹಾಕಿ ಇಡುತ್ತಾರೆ. ಆರಿಸಿ ಮತ್ತೆ ಹಚ್ಚಿದರೆ ಮುಗಿಯಿತು, ಆಮೇಲೆ ನಡೆದದ್ದನ್ನೆಲ್ಲ ಮರೆತು ಅದು ಅದೇ ದಿನಕ್ಕೆ ವಾಪಸಾಗುತ್ತದೆ. ನನ್ನ ರಿಪೇರಿಯೂ ರಾತ್ರಿ ಆರಿಸಿದಾಗ ವೈರಸ್ಸಿನ ಜೊತೆ ಗುಡಿಸಿಹೋಗಿತ್ತು.

ಹಾಗಾದರೆ ಬೀಗ ಹಾಕಿದ ಆ ದಿನದೊಳಗೇ ಕಾಯಿಲೆ ಇದೆ. ಪ್ಲಗಿನ್ ಇರುವ ಜಾಗವನ್ನು ತೆರೆದು ನೋಡಿದೆ. ಒಂದರ ಬದಲು ಎರಡು ಕೂತಿದ್ದವು. ಒಂದು ಈಗಿನದು, ಇನ್ನೊಂದು ಎರಡು ವರ್ಷ ಹಳೆಯದು. ವಿಡಿಯೊ ಬಂದ ಕೂಡಲೇ ಎರಡೂ ನಾನು ತಾನು ಎಂದು ಎದ್ದು ಒಂದರ ಕಾಲಿಗೆ ಇನ್ನೊಂದು ತೊಡರಿ ಬೀಳುತ್ತಿದ್ದವು.

ಹಳೆಯದು ಅಲ್ಲಿಗೆ ಬಂದ ತಾರೀಕು ನೋಡಿದೆ. ಹದಿನಾಲ್ಕು ದಿನದ ಹಿಂದಿನ ಮಂಗಳವಾರ. ಬೆಳಿಗ್ಗೆ ಏಳು ನಲವತ್ತು.

ಪತ್ರ ಬಂದದ್ದು ಅದರ ಹಿಂದಿನ ಸಂಜೆ. ಈ ಅಂಗಡಿಯ ಬಾಗಿಲು ತೆರೆಯುವುದು ಎಂಟಕ್ಕೆ. ಬೀಗ ಹಾಕಿದ ಅಂಗಡಿಯೊಳಗೆ ಏಳು ನಲವತ್ತಕ್ಕೆ ಯಾರಿರಲು ಸಾಧ್ಯ? ಅಂಗಡಿಯ ಬೀಗಕ್ಕೂ ಕಂಪ್ಯೂಟರಿನ ಬೀಗಕ್ಕೂ ಕೀಲಿಕೈ ಯಾರದು?

ಅವನಾಗಿರಬಾರದಿತ್ತು.

ಬಾಗಿಲು ತಳ್ಳಿಕೊಂಡು ಒಗುಟು ಬಂದ. ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ, ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ. ಅಗಲ ಕಿವಿಯ, ನಾಚಿಕೆ ಸ್ವಭಾವದ ಮೂವತ್ತರ ಗಂಡಸು. ಕೈಮಾತಿನಲ್ಲಿ ಮಿನ್ ಅಪೊಂಡಿ ಅವನಿಗಿಟ್ಟ ಹೆಸರು ಕಿವಿ ಹಿಡಿದು ಎಳೆಯುವುದು. ಅವಳು ಹಾಗೆ ಕರೆದಾಗಲೆಲ್ಲ ಅವನು ನಗುತ್ತಿದ್ದ. ಇವತ್ತೂ ಅವಳು ತನ್ನ ಕಿವಿ ಎಳೆದುಕೊಂಡಳು. ಅವನು ನಕ್ಕ, ಆದರೆ ಕಣ್ಣು ತಪ್ಪಿಸಿದ.

ಅವನು ಅವಳ ಬಟ್ಟಲಿಗೆ ಚಹಾ ಬಗ್ಗಿಸಿ, "ಚಹಾ, ಬಿಸಿ, ಕುಡಿ" ಎಂದು ಕೈಯಲ್ಲಿ ತಡವರಿಸಿ ಹೇಳಿದ. ಅವನಿಗೆ ಬರುವುದು ಅಂಥ ಹತ್ತು ಮಾತು.

"ಒಗುಟು, ಇಲ್ಲಿ ಬಾ," ಎಂದೆ. ಇಬ್ಬರೂ ಅವಳ ಬೆನ್ನ ಹಿಂದೆ, ಗಲ್ಲಾದ ಹತ್ತಿರ ನಿಂತೆವು. ದನಿ ತಗ್ಗಿಸುವ ಅಗತ್ಯವೇನೂ ಇರಲಿಲ್ಲ, ಆದರೂ ತಗ್ಗಿಸಿದೆ.

"ಹದಿನಾಲ್ಕು ದಿನದ ಹಿಂದೆ ಬೆಳಿಗ್ಗೆ ಏಳು ನಲವತ್ತಕ್ಕೆ ಇಲ್ಲಿ ಏನ್ ಮಾಡ್ತಿದ್ದೆ?"

"ಯಾವಾಗ? ಕಸ ಗುಡಿಸ್ತಿದ್ದೆ ಇರ್ಬೇಕು."

"ಆರು ಕಂಪ್ಯೂಟರಿಗೂ ಹಳೇ ಪ್ಲಗಿನ್ ತುರುಕಿ ಬೀಗ ಹಾಕ್ತಿದ್ದೆ. ಸುಳ್ಳು ಹೇಳ್ಬೇಡ ಮಾರಾಯ, ನಿಂಗೆ ಬರಲ್ಲ ಅದು. ಕಿವಿ ಕೆಂಪಗಾಗತ್ತೆ."

ಅವನ ಕೈ ತಂತಾನೇ ಕಿವಿಗೆ ಹೋಯಿತು.

"ಗಿರಾಕಿಗಳೆಲ್ಲ ಪಕ್ಕದ ಬೀದಿಗೆ ಹೋಗ್ತಿದಾರೆ," ಎಂದೆ. "ಮೇಷ್ಟ್ರು ಕೂಡ ನಾಳೆಯಿಂದ ಬರೋದು ಅನುಮಾನ. ನಿನ್ನ ಹೊಟ್ಟೆಗೆ ನೀನೇ ಕಲ್ಲು ಹಾಕ್ಕೊಂಡಿದೀಯ. ಆ ತಾಯಿ ಮೂರು ಮಂಗಳವಾರದಿಂದ ಬಂದು ಬಂದು ಹೋಗ್ತಿದಾಳೆ. ಪ್ರತಿ ಸಲ ಚಹಾ ಬೇರೆ ತಂದ್ಕೊಡ್ತೀಯ. ಎಂಥಾ ಮನುಷ್ಯನೋ ನೀನು?"

"ಅಕ್ಕಾ, ಬಿಟ್ಬಿಡಿ."

"ಬಿಡಲ್ಲ."

ಅವನು ಗಲ್ಲಾದ ಅಂಚು ಹಿಡಿದುಕೊಂಡ. "ನಾನು ಆ ಪತ್ರ ನೋಡ್ದೆ ಅಕ್ಕ. ಸೋಮವಾರ ಸಂಜೆ ಬಂದಿದ್ದು. ಯಾವಾಗ್ಲೂ ಅಮ್ಮನ ಜೊತೆನೇ ನೋಡೋನು, ಅವತ್ತು ತಡ್ಕೊಳ್ಳೋಕಾಗ್ದೆ ಒಬ್ನೇ ತೆಗೆದೆ. ಕಿವಿಗೆ ಹಚ್ಕೊಂಡು ಕೇಳ್ದೆ." ಅವನ ದನಿ ಒಡೆಯಿತು. "ಅವಳಿಗೆ ಅಲ್ಲೇ ಯಾರೋ ಸಿಕ್ಕಿದಾನಂತೆ. ಮದುವೆ ಆಗಿದೆಯಂತೆ. ಇನ್ನು ಪತ್ರ ಹಾಕಲ್ವಂತೆ. ಯಾರೂ ನನ್ನ ಹುಡುಕ್ಬೇಡಿ, ಅಮ್ಮ ಸೈಬರಿಗೆ ಬಂದು ಕಾಯೋದು ಬೇಡ, ಅಂತ."

ಅಪೊಂಡಿಯ ಮನೆಗೆ ಕನ್ಯಾಶುಲ್ಕವಾಗಿ ಕೊಡಲೆಂದು ಅವನು ಎರಡು ಹಸು ಕೊಂಡು ಅಣ್ಣನ ಹಟ್ಟಿಯಲ್ಲಿ ಬಿಟ್ಟಿರುವುದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

"ಪಾಠ ಒಪ್ಪಿಸಿದ ಹಾಗೆ ಹೇಳಿದ್ಲು ಅಕ್ಕ. ಒಂದೊಂದೇ ಮಾತು, ನಿಲ್ಲಿಸಿ ನಿಲ್ಲಿಸಿ. ನಾಚಿಕೆ ಇರ್ಬೇಕು ಅಂದ್ಕೊಂಡೆ. ನಾನು ಕಣ್ಣು ಮುಚ್ಕೊಂಡುಬಿಟ್ಟೆ, ಮುಖ ನೋಡೋಕಾಗ್ಲಿಲ್ಲ."

"ಅಳಿಸಿಬಿಡಬಹುದಿತ್ತಲ್ಲ?"

"ಕೈ ಬರ್ಲಿಲ್ಲ. ಅವಳ ಮುಖ ಅದರಲ್ಲಿದೆ." ಅವನು ಕಣ್ಣೊರೆಸಿಕೊಂಡ. "ಯಂತ್ರ ಕೆಟ್ಟಿದೆ ಅಂದ್ರೆ ಅಮ್ಮ ಮುಂದಿನ ಮಂಗಳವಾರ ಬರ್ತಾಳೆ. ಬಂದು ಚಹಾ ಕುಡೀತಾಳೆ. ಮಗಳೇ ಬೇಡ ಅಂದಿದಾಳೆ ಅಂತ ಗೊತ್ತಾದ್ರೆ ಎಲ್ಲಿಗೆ ಹೋಗ್ತಾಳೆ ಹೇಳಿ? ಆ ಮಾತು ಅಮ್ಮನ ಕಿವಿಗೆ ಬೀಳ್ಬಾರ್ದು ಅಂತ ಮಾಡ್ದೆ. ಅಷ್ಟೇ."

ಅಮ್ಮನ ಕಿವಿಗೆ. ಆ ಮಾತು ನನ್ನ ಮುಂದೆಯೇ ಹಾದುಹೋಯಿತು, ನಾನು ಅದರ ಮೇಲೆ ಕೈಯಿಡಲಿಲ್ಲ. ದೊಡ್ಡ ಪತ್ತೇದಾರಿಣಿ ನಾನು! ಅವನ ಒದ್ದೆ ಕಣ್ಣು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು, ಸಿಟ್ಟಿನ ಜೊತೆ ಬುದ್ಧಿಯೂ ಇಳಿದಿತ್ತು.

ಮೇಜಿನ ಮೇಲೆ ಬಟ್ಟಲು ಕುಟ್ಟಿದ ಸದ್ದಾಯಿತು.

ಮಿನ್ ಅಪೊಂಡಿ ನಮ್ಮ ಕಡೆ ತಿರುಗಿ ಕೂತಿದ್ದಳು. ಅವಳ ಪಕ್ಕದ ನಾಲ್ಕನೇ ಕಂಪ್ಯೂಟರ್ ಆರಿತ್ತು. ಅದರ ಕಪ್ಪು ಗಾಜಿನಲ್ಲಿ ಅವಳು ನಮ್ಮಿಬ್ಬರ ಮುಖವನ್ನೂ ಇಷ್ಟು ಹೊತ್ತು ನೋಡುತ್ತಲೇ ಇದ್ದಳು. ಕೇಳಿಸದವರ ಬೆನ್ನ ಹಿಂದೆ ಮಾತಾಡಿದರೆ ಆಯಿತು ಎಂದುಕೊಂಡ ನಮಗೆ ಬುದ್ಧಿ ಇರಲಿಲ್ಲ.

"ನನ್ನ ಮಗಳು ಸತ್ತಿದಾಳಾ?" ಎಂದು ಕೇಳಿದಳು.

"ಇಲ್ಲ ಅಮ್ಮ, ಇಲ್ಲ! ಬದುಕಿದಾಳೆ," ಎಂದೆ.

"ಕಿವಿಯವನು ಅಳ್ತಿದಾನೆ. ಕೆಟ್ಟ ಸುದ್ದಿ ಇದೆ."

"ಇದೆ."

"ಬದುಕಿರೋ ಮಗಳ ಸುದ್ದಿ ಯಾವುದೂ ನಂಗೆ ಕೆಟ್ಟದ್ದಲ್ಲ. ನನ್ನ ಪತ್ರ ಅದು. ನೀವಿಬ್ರೂ ಓದಿ ಮಡಚಿಡೋಕೆ ಯಾರು? ತೆಗೀರಿ."

ನಾನು ಅದನ್ನು ಬಾಯಲ್ಲಿ ಹೇಳುವ ಮೊದಲೇ ಒಗುಟುವಿಗೆ ಅರ್ಥವಾಗಿತ್ತು. ಅವನು ಬಂದು ಕೀಲಿಮಣೆಗೆ ಬಗ್ಗಿದ. ಯಂತ್ರದ ಬೀಗ ತೆರೆಯುವ ಪಾಸ್‌ವರ್ಡ್ ಒತ್ತುವಾಗ ನಾನು ಕಣ್ಣು ಆಚೆ ಹಾಕಬೇಕಿತ್ತು, ಹಾಕಲಿಲ್ಲ. ಅದು ಅಪೊಂಡಿಯ ಹೆಸರೇ ಆಗಿತ್ತು.

ಬೀಗ ತೆರೆದಮೇಲೆ ಕೆಲಸ ಹತ್ತು ನಿಮಿಷದ್ದು. ಬ್ರೌಸರ್ ಮುಚ್ಚಿದೆ. ಹಳೆಯ ಪ್ಲಗಿನ್ ಕಿತ್ತೆ. ಹೊಸದರ ಮೇಲೂ ನಂಬಿಕೆ ಸಾಲದೆ ಅದನ್ನೂ ಕಿತ್ತು, ನನ್ನ ಪೆನ್‌ಡ್ರೈವಿನಿಂದ ಶುದ್ಧವಾದದ್ದನ್ನು ಹಾಕಿದೆ. ಯಂತ್ರ ಆರಿಸಿ ಹಚ್ಚಿದೆ. ಮರೆಯಲಿಲ್ಲ. ಮದುವೆ ಕುಣಿತ ಸಲೀಸಾಗಿ ಓಡಿತು. ಒಗುಟು ಅಪೊಂಡಿಯ ಪುಟ ತೆರೆದುಕೊಟ್ಟ.

ಮಿನ್ ಅಪೊಂಡಿ ಲೆಸೊ ಸರಿಮಾಡಿಕೊಂಡಳು, ತಲೆಯ ಬಟ್ಟೆ ಬಿಗಿದುಕೊಂಡಳು. ಮಗಳು ತನ್ನನ್ನು ನೋಡುತ್ತಾಳೇನೋ ಎನ್ನುವ ಹಾಗೆ.

"ನಂಗೆ ಇನ್ನೊಂದು ಸಲ ಕೇಳೋ ಶಕ್ತಿ ಇಲ್ಲ," ಎಂದು ಒಗುಟು ಸ್ಪೀಕರಿನ ತಂತಿ ಕಿತ್ತು ಕೈಯಲ್ಲಿ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತ.

ನಾನು ಪತ್ರವನ್ನು ಒತ್ತಿದೆ.

ಬೂದು ಚೌಕ ಬರಲಿಲ್ಲ. ಅಪೊಂಡಿ ಬಂದಳು. ಬಿಳೀ ಗೋಡೆ, ಬೋಳು ಮೇಜು, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಸೊರಗಿದ್ದಳು. ತಾಯಿ ಒಂದು ಬೆರಳು ಚಾಚಿ ಪರದೆಯ ಮೇಲಿನ ಕೆನ್ನೆಯನ್ನು ಮುಟ್ಟಿದಳು.

ಅಪೊಂಡಿಯ ಬಾಯಿ ಅಲುಗತೊಡಗಿತು. ಸದ್ದಿಲ್ಲ. ಜೊತೆಗೇ ಕೈಗಳೂ ಎದ್ದವು. ಸದ್ದಿಲ್ಲದ್ದರಿಂದ ನಾನೂ ಅವತ್ತು ಆ ತಾಯಿಯ ಹಾಗೇ ಬರೀ ಕೈಗಳನ್ನು ನೋಡಿದೆ.

"ಅಮ್ಮ, ನನ್ನ ಬಾಯಿ ನೋಡ್ಬೇಡ," ಎಂದವು ಕೈಗಳು. "ಬಾಯಿ ಅವರದು. ಕೈ ಮಾತ್ರ ನನ್ನದು."

ಮಿನ್ ಅಪೊಂಡಿ ನೆಟ್ಟಗೆ ಕೂತಳು.

"ಪಕ್ಕದಲ್ಲಿ ನಮ್ಮ ಭಾಷೆ ಗೊತ್ತಿರೋ ಹೆಂಗಸು ಕೂತಿದಾಳೆ. ಏನು ಹೇಳ್ಬೇಕು ಅಂತ ಬರೆದು ಕೊಟ್ಟಿದಾರೆ. ನಾನು ಅದನ್ನೇ ಕೈಯಲ್ಲೂ ಹೇಳ್ತಿದೀನಿ ಅಂದ್ಕೊಂಡಿದಾರೆ. ನನ್ನ ಪಾಸ್‌ಪೋರ್ಟ್ ಕಿತ್ಕೊಂಡಿದಾರೆ. ನಾವು ನಾಲ್ಕು ಜನ ಹುಡುಗಿಯರು, ಮೀನು ಮಾರ್ಕೆಟ್ಟಿನ ಹಿಂದಿನ ಹಸಿರು ಬಾಗಿಲಿನ ಮನೆ, ಮೇಲಿನ ಕೋಣೆ. ಮೂರು ಭಾನುವಾರ ಕಳೆದ ಮೇಲೆ ನಮ್ಮನ್ನ ಬೇರೆ ದೇಶಕ್ಕೆ ಸಾಗಿಸ್ತಾರೆ. ಆಮೇಲೆ ನಾನು ಸಿಗಲ್ಲ."

ಅವಳ ಬಾಯಿ ಒಂದು ಕ್ಷಣ ತಡೆಯಿತು. ಯಾರೋ ಗದರಿಸಿರಬೇಕು. ಕಣ್ಣು ಪಕ್ಕಕ್ಕೆ ಹೋಗಿ ಬಂತು. ಬಾಯಿ ಮತ್ತೆ ಶುರುವಾಯಿತು, ಕೈಗಳೂ ಶುರುವಾದವು.

"ಕಿವಿಯವನಿಗೆ ಹೇಳು ಅಮ್ಮ. ನನ್ನ ಬಾಯಿಂದ ಬರೋ ಮಾತು ಕೇಳಿ ಅವನಿಗೆ ನೋವಾಗತ್ತೆ. ಅದು ಸುಳ್ಳು ಅಂತ ಮೊದಲು ಹೇಳು. ಅವನು ಒಂದು ದಿನಾನೂ ಸುಮ್ನೆ ಕೂರೋನಲ್ಲ. ಅವನು ದಾರಿ ಹುಡುಕ್ತಾನೆ."

ಕೊನೆಯಲ್ಲಿ ಅವಳು ತನ್ನ ಕಿವಿಯನ್ನು ಮೆಲ್ಲಗೆ ಹಿಡಿದು ಎಳೆದಳು. ಪತ್ರ ಮುಗಿಯಿತು.

"ಮುಗೀತಾ?" ಗೋಡೆಯ ಕಡೆಯಿಂದ ಒಗುಟು ಕೇಳಿದ. "ಅಮ್ಮ ಅಳ್ತಿದಾಳಾ?"

ಹೇಗೆ ಹೇಳಲಿ ನಾನು ಅವನಿಗೆ? ಆ ತಾಯಿ ಯಾವತ್ತೂ ಕೇಳಲಾರದ ಮಾತುಗಳನ್ನು ಅವಳು ಕೇಳದಿರಲಿ ಎಂದು, ಅವಳಿಗಾಗಿಯೇ ಬಂದ ಕೂಗನ್ನು ಹದಿನೈದು ದಿನ ಅವನು ಕೈಯಾರೆ ಮುಚ್ಚಿಟ್ಟಿದ್ದ. ಅಲ್ಲಿ ಬಾಯಿಗೆ ಕಾವಲು ಕೂತವರು ಮಾಡಿದ ತಪ್ಪನ್ನೇ ಇಲ್ಲಿ ಪ್ರೀತಿಸುವವನು ಮಾಡಿದ್ದ.

ಆದರೂ ಹೇಳಿದೆ. ಕೈಗಳು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಎರಡು ಭಾನುವಾರ ಆಗಲೇ ಕಳೆದಿವೆ, ಮೂರನೆಯದಕ್ಕೆ ಐದು ದಿನ ಉಳಿದಿದೆ ಎಂದೂ ಹೇಳಿದೆ.

ಒಗುಟು ಇದ್ದ ಜಾಗದಲ್ಲೇ ಕುಸಿದು ಕೂತ. "ಒಂದು ದಿನಾನೂ ಸುಮ್ನೆ ಕೂರೋನಲ್ಲ ಅಂದ್ಲಾ?" ಎಂದ. ಮತ್ತೆ ಮತ್ತೆ ಅದನ್ನೇ ಕೇಳಿದ. "ಹಾಗಂದ್ಲಾ ಅಕ್ಕ?"

ಮಿನ್ ಅಪೊಂಡಿ ಎದ್ದು ಅವನ ಬಳಿಗೆ ಹೋದಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವಳು ಬಗ್ಗಿ ಅವನ ಕಿವಿ ಹಿಡಿದಳು, ತನ್ನದಲ್ಲ, ಅವನದೇ ಕಿವಿ. ಹಿಡಿದು ಮೇಲಕ್ಕೆಳೆದಳು. ಅವನು ಎದ್ದು ನಿಲ್ಲುವವರೆಗೂ ಬಿಡಲಿಲ್ಲ.

"ಆಮೇಲೆ ಅಳು," ಎಂದಳು ಕೈಯಲ್ಲಿ. "ಈಗ ಕೆಲಸ ಇದೆ."

ನಾನು ಹಸಿರು ಬಾಗಿಲು, ಮೀನು ಮಾರ್ಕೆಟ್ಟು ಎಂದು ಚೀಟಿಯಲ್ಲಿ ಬರೆದುಕೊಂಡೆ. ಏನೂ ತಪ್ಪಬಾರದೆಂದು ಪತ್ರವನ್ನು ಮತ್ತೊಮ್ಮೆ ನೋಡಲು ಪುಟವನ್ನು ಹೊಸದಾಗಿ ತೆರೆದೆ.

ಪತ್ರದ ಮೇಲೆ ಇನ್ನೊಂದು ಪತ್ರ ಬಂದು ಕೂತಿತ್ತು. ಇವತ್ತಿನದು. ಐದು ನಿಮಿಷದ ಹಿಂದಿನದು.

"ಒಗುಟು!" ಎಂದೆ.

ಮೂವರೂ ಪರದೆಗೆ ಬಗ್ಗಿದೆವು. ನಿಂತ ಚಿತ್ರದಲ್ಲಿ ಅಪೊಂಡಿಯ ಮುಖ ಪರದೆ ತುಂಬ ಇತ್ತು. ಹಣೆಯಿಂದ ಗದ್ದದವರೆಗೆ, ಅಷ್ಟೇ. ಕತ್ತಿನ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಒತ್ತಿದೆ. ಬಾಯಿ ಅಲುಗಿತು. ಕೈಗಳು ಬರಲೇ ಇಲ್ಲ. ಕೈಮಾತಿನ ಗುಟ್ಟು ಅಲ್ಲಿ ಯಾರಿಗೋ ತಿಳಿದುಹೋಗಿರಬೇಕು.

ಮಿನ್ ಅಪೊಂಡಿ ಕಾದಳು. ಪರದೆಯ ಕೆಳಗಿನ ಅಂಚನ್ನು ಬೆರಳಿಂದ ತಡವಿದಳು, ಕೈಗಳು ಅಲ್ಲೆಲ್ಲೋ ಕೆಳಗೆ ಸಿಕ್ಕಿಕೊಂಡಿರಬಹುದೆಂಬಂತೆ. ಆಮೇಲೆ ವಿಡಿಯೊ ನಿಲ್ಲಿಸುವಂತೆ ನನಗೆ ಸನ್ನೆ ಮಾಡಿ ಒಗುಟುವಿನ ಕಡೆ ತಿರುಗಿದಳು. ಹದಿನಾಲ್ಕು ತಿಂಗಳಲ್ಲಿ ಅವಳು ಮಗಳ ದನಿಯ ಬಗ್ಗೆ ಒಂದು ಸಲವೂ ಕೇಳಿದವಳಲ್ಲ.

"ಈ ಪತ್ರ ನನಗೆ ಬಂದಿದ್ದಲ್ಲ," ಎಂದಳು. "ನೀನು ಕೇಳು. ಈ ಸಲ ಕಣ್ಣು ಮುಚ್ಬೇಡ."

ಒಗುಟು ಅಂಗೈಯಲ್ಲಿ ಬೆವರಿದ್ದ ತಂತಿಯನ್ನು ಸ್ಪೀಕರಿಗೆ ಸಿಕ್ಕಿಸಿದ. ನಾನು ಮೊದಲಿಂದ ಓಡಿಸಿದೆ. ಅಪೊಂಡಿಯ ದನಿ ಸಣ್ಣಗೆ ಬಂತು, ಅವನು ಕಿವಿಯಿಟ್ಟು ಬಗ್ಗಿದ.

ಮಿನ್ ಅಪೊಂಡಿ ಪರದೆಯನ್ನು ನೋಡಲೇ ಇಲ್ಲ. ಒಗುಟುವಿನ ಮುಖವನ್ನೇ ನೋಡುತ್ತ ಕೂತಳು. ಆ ಮುಖದ ಬಣ್ಣ ಇಳಿಯತೊಡಗಿದ್ದನ್ನು ನನಗಿಂತ ಮೊದಲು ಕಂಡವಳು ಅವಳೇ.